ಒತ್ತೆಗೆ ಬಂದ ಪುಸ್ತಕ

ಲೇಖಕ ತೀರಿಕೊಂಡ ಮೇಲೆ ಬಂದ ಪುಸ್ತಕದ 'ಮೊದಲ ಮುದ್ರಣ' ಅಂದರೆ ಏನರ್ಥ? ಹೀಗೆ ಕೇಳಿದರೆ ಲೈಬ್ರರಿ ಸೈನ್ಸ್ ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಂತೆ ಕೇಳಿಸುತ್ತದೆ. ಆದರೆ ಎಂಟು ತಿಂಗಳಿಂದ ಇದು ನಮ್ಮ ಮನೆಯ ಪ್ರಶ್ನೆ. ನನ್ನ ಬೀರುವಿನಲ್ಲಿ ಅಂಥದೊಂದು ಪುಸ್ತಕ ಕೂತಿದೆ. ಅದು ನನ್ನದು ಹೌದೋ ಅಲ್ಲವೋ ಎಂದು ಯೋಚಿಸುತ್ತಾ ಹೋಗಿ, ಯಾವುದೇ ವಸ್ತು 'ನನ್ನದು' ಆಗುವುದು ಯಾವಾಗ ಎನ್ನುವ ದೊಡ್ಡ ಪ್ರಶ್ನೆಗೆ ಸಿಕ್ಕಿಕೊಂಡಿದ್ದೇನೆ.

ಪುಸ್ತಕ ಎ.ಕೆ. ರಾಮಾನುಜನ್ ಅವರ 'ಕಲೆಕ್ಟೆಡ್ ಪೊಯೆಮ್ಸ್'. ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್, ದೆಹಲಿ, 1995. ರಾಮಾನುಜನ್ ಹುಟ್ಟಿದ್ದು 1929ರಲ್ಲಿ, ಮೈಸೂರಿನ ತಮಿಳು ಮನೆಯಲ್ಲಿ. ತೀರಿಕೊಂಡಿದ್ದು 1993ರ ಜುಲೈ 13ರಂದು, ಶಿಕಾಗೋದಲ್ಲಿ. ಕನ್ನಡದ ಓದುಗರಿಗೆ ಅವರು 'ಹೊಕ್ಕುಳಲ್ಲಿ ಹೂವಿಲ್ಲ' ಬರೆದ ನವ್ಯದ ಕವಿ. ಇಂಗ್ಲಿಷಿನವರಿಗೆ ಭಾರತೀಯ ಇಂಗ್ಲಿಷ್ ಕಾವ್ಯವನ್ನು ಆಧುನಿಕಗೊಳಿಸಿದವರಲ್ಲಿ ಒಬ್ಬರು. ಇಲ್ಲಿ ತಮಿಳಿನವರಿಗೆ ಸಂಗಂ ಕವಿತೆಗಳನ್ನು ಲೋಕಕ್ಕೆ ಓದಿಸಿದ ಅನುವಾದಕ. ಊರು ಬಿಟ್ಟು ಊರಿನ ಮಾತನ್ನು ಬಿಡಲಾಗದ ನಮ್ಮಂಥವರಿಗೆ ಅವರು ಹತ್ತಿರದವರು ಅನ್ನಿಸುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ಈ ಪುಸ್ತಕದಲ್ಲಿ ಅವರು ಬದುಕಿದ್ದಾಗ ಬಂದ ಮೂರು ಇಂಗ್ಲಿಷ್ ಸಂಕಲನಗಳಿವೆ: 'ದ ಸ್ಟ್ರೈಡರ್ಸ್' (1966), 'ರಿಲೇಶನ್ಸ್' (1971), 'ಸೆಕೆಂಡ್ ಸೈಟ್' (1986). ಜೊತೆಗೆ ಅದುವರೆಗೆ ಪುಸ್ತಕವಾಗದ ನಾಲ್ಕನೆಯದು, 'ದ ಬ್ಲ್ಯಾಕ್ ಹೆನ್'. ಈ ನಾಲ್ಕನೆಯದನ್ನು ಕವಿ ಪುಸ್ತಕವಾಗಿ ನೋಡಲೇ ಇಲ್ಲ. ಅವರು ಬಿಟ್ಟುಹೋದ ಕಂಪ್ಯೂಟರ್ ಡಿಸ್ಕುಗಳಲ್ಲಿ ಇದ್ದ ಕವಿತೆಗಳಿಂದ ಮನೆಯವರು, ಸ್ನೇಹಿತರು ಕೂತು ಆರಿಸಿದ್ದು ಅದು. 1999ರಲ್ಲಿ ಈ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗಲೂ ತೆಗೆದುಕೊಳ್ಳಲು ಅವರಿರಲಿಲ್ಲ.

ಸಂಗ್ರಹಕಾರರು ಮೊದಲ ಮುದ್ರಣಕ್ಕೆ ಯಾಕೆ ಆಸೆಪಡುತ್ತಾರೆ? ನಾನು ಬಲ್ಲ ಕಾರಣ ಮೂರು. ಒಂದು, ಅಪರೂಪ. ಎರಡು, ಚರಿತ್ರೆ: ಆ ಕೃತಿ ಲೋಕಕ್ಕೆ ಮೊದಲು ಕಂಡ ರೂಪ ಅದು. ಮೂರನೆಯದೇ ಮುಖ್ಯವಾದದ್ದು, ಲೇಖಕನ ಸಾಮೀಪ್ಯ. ಆತ ಪ್ರೂಫ್ ನೋಡಿದ್ದಾನೆ, ಮುಖಪುಟ ಒಪ್ಪಿದ್ದಾನೆ ಅಥವಾ ಅದರ ಬಗ್ಗೆ ಜಗಳವಾಡಿದ್ದಾನೆ, ಪ್ರೆಸ್ಸಿನಿಂದ ಬಂದ ಮೊದಲ ಪ್ರತಿಯನ್ನು ಮೂಸಿ ನೋಡಿದ್ದಾನೆ. 'ಇದು ನಾನು ಒಪ್ಪಿದ್ದು' ಅನ್ನುವ ಅಂಗೀಕಾರ ಆ ಪ್ರತಿಯಲ್ಲಿ ಇರುತ್ತದೆ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದಕ್ಕೆ ಸೈನ್ ಆಫ್ ಅನ್ನುತ್ತೇವೆ. ಅದಿಲ್ಲದೆ ಒಂದು ಸಾಲು ಕೋಡ್ ಕೂಡ ಗ್ರಾಹಕನಿಗೆ ಹೋಗಕೂಡದು. ಹದಿನೆಂಟು ವರ್ಷದಿಂದ ನಾನು ಮಾಡುತ್ತಿರುವ ಕೆಲಸದಲ್ಲಿ ಅರ್ಧ ಪಾಲು, ಯಾರು ಯಾವುದಕ್ಕೆ ಒಪ್ಪಿದರು ಅನ್ನುವುದನ್ನು ದಾಖಲಿಸುವುದೇ. ಆ ಕಣ್ಣಿನಿಂದ ನೋಡಿದರೆ ಮರಣೋತ್ತರ ಪುಸ್ತಕ ಅಂದರೆ ಸೈನ್ ಆಫ್ ಇಲ್ಲದ ರಿಲೀಸ್. ಯಾವ ಕವಿತೆ ಮುಗಿದಿದೆ, ಯಾವುದು ಇನ್ನೂ ಬೇಯುತ್ತಿದೆ ಎಂದು ಹೇಳಬೇಕಾದವನೇ ಇಲ್ಲ. ಒಂದೇ ಕವಿತೆಯ ಎರಡು ರೂಪ ಸಿಕ್ಕರೆ ಯಾವುದು ಕೊನೆಯದು? ಕಂಪ್ಯೂಟರ್ ಫೈಲಿನ ದಿನಾಂಕ ಅದನ್ನು ಕೊನೆಯ ಬಾರಿ ಮುಟ್ಟಿದ್ದು ಯಾವಾಗ ಎಂದು ಹೇಳೀತು. ಇದು ಸಾಕು ಎಂದು ಕವಿಗೆ ಅನ್ನಿಸಿತ್ತೇ ಎಂದು ಹೇಳಲಾರದು.

ಕಾಫ್ಕಾನ ಕತೆ ನಿಮಗೆ ಗೊತ್ತಿರುತ್ತದೆ. 1924ರಲ್ಲಿ ಸತ್ತ. ಉಳಿದ ಹಸ್ತಪ್ರತಿಗಳನ್ನೆಲ್ಲ ಸುಟ್ಟುಬಿಡು ಎಂದು ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಬರೆದಿಟ್ಟಿದ್ದ. ಬ್ರಾಡ್ ಸುಡಲಿಲ್ಲ. 1925ರಲ್ಲಿ 'ದ ಟ್ರಯಲ್' ಜರ್ಮನ್ ಮೂಲದಲ್ಲಿ ಅಚ್ಚಾಯಿತು. ಅಧ್ಯಾಯಗಳ ಅನುಕ್ರಮ ಬ್ರಾಡ್‌ನದು. 1988ರಲ್ಲಿ ಅದೇ ಕಾದಂಬರಿಯ ಹಸ್ತಪ್ರತಿ ಲಂಡನ್ನಿನ ಹರಾಜಿನಲ್ಲಿ ಹತ್ತು ಲಕ್ಷ ಪೌಂಡಿಗೆ ಹೋಯಿತು. ಸುಡಬೇಕೆಂದು ಬರೆದವನೇ ಹೇಳಿದ್ದ ಕಾಗದ! ಹತ್ತಿರದ ಉದಾಹರಣೆ ಬೇಕಿದ್ದರೆ ಸುಬ್ರಹ್ಮಣ್ಯ ಭಾರತಿ. 'ಪಾಂಚಾಲಿ ಶಪಥಂ' ಕಾವ್ಯದ ಮೊದಲ ಭಾಗ 1912ರಲ್ಲಿ ಬಂತು. ಎರಡನೆಯ ಭಾಗ ಪುಸ್ತಕವಾಗಿ ಬಂದಿದ್ದು 1924ರಲ್ಲಿ, ಅವರು ಟ್ರಿಪ್ಲಿಕೇನಿನಲ್ಲಿ ತೀರಿಕೊಂಡು ಮೂರು ವರ್ಷದ ನಂತರ.

ಹಾಗಾದರೆ ಮರಣೋತ್ತರ ಕೃತಿಯ ಮೊದಲ ಮುದ್ರಣದಲ್ಲಿ ನಾವು ಕೊಳ್ಳುವುದೇನು? ಲೇಖಕನ ಸಾಮೀಪ್ಯವಂತೂ ಅಲ್ಲ. ಆ ಪ್ರತಿಗೂ ಅವನಿಗೂ ನಡುವೆ ಸಾವೇ ಇದೆ. ಅದರಲ್ಲಿರುವುದು ಉಳಿದವರ ಸಾಮೀಪ್ಯ ಎಂದು ನನಗೆ ಈಗ ಅನ್ನಿಸುತ್ತದೆ. ಒಬ್ಬರು ಡಿಸ್ಕು ತೆರೆದರು, ಇನ್ನೊಬ್ಬರು ಓದಿ ಇದು ಇರಲಿ ಅಂದರು, ಮತ್ತೊಬ್ಬರು ಬೇಡ ಅಂದರು. ಸತ್ತವನ ಪರವಾಗಿ, ಅವನ ಅನುಮತಿ ಇಲ್ಲದೆ, ಅವನ ಮೇಲಿನ ಪ್ರೀತಿಯಿಂದ ಜವಾಬ್ದಾರಿ ಹೊತ್ತವರ ಮೊದಲ ತೀರ್ಮಾನ ಅದು. ಮೊದಲನೆಯದು ಎಂದೆ, ಕೊನೆಯದಲ್ಲ. ರಾಮಾನುಜನ್ ವಿಷಯದಲ್ಲೇ 2001ರಲ್ಲಿ ಇನ್ನೊಂದು ಪುಸ್ತಕ ಬಂತು, 2019ರಲ್ಲಿ ಡೈರಿಗಳು, 2023ರಲ್ಲಿ 'ಸೋಮ' ಕವಿತೆಗಳು. ಸತ್ತು ಮೂವತ್ತು ವರ್ಷದ ಮೇಲೂ ಹೊಸ ಪುಸ್ತಕ ಬರುತ್ತಿದೆ.

ಸ್ವಲ್ಪ ದೂರ ನಿಂತು ನೋಡಿದರೆ, ನಮ್ಮ ದೊಡ್ಡ ಕಾವ್ಯವೆಲ್ಲ ಹೀಗೇ ನಮಗೆ ಬಂದದ್ದು. ವಚನಗಳು ಪುಸ್ತಕವಾಗಿ ನಮ್ಮ ಕೈಗೆ ಬಂದಿದ್ದು ಫ.ಗು. ಹಳಕಟ್ಟಿಯವರು ತಾಡೋಲೆಗಳನ್ನು ಹುಡುಕಿ, ಹೊಂದಿಸಿ, 1923ರಲ್ಲಿ 'ವಚನಶಾಸ್ತ್ರ ಸಾರ' ಅಚ್ಚು ಮಾಡಿಸಿದ ಮೇಲೆ. ಬಸವಣ್ಣ ಪ್ರೂಫ್ ನೋಡಲಿಲ್ಲ. ಸಂಗಂ ಕವಿತೆಗಳದ್ದೂ ಅದೇ ಕತೆ. ಉ.ವೇ. ಸ್ವಾಮಿನಾಥಯ್ಯರ್ ಹಳ್ಳಿ ಹಳ್ಳಿ ತಿರುಗಿ ಓಲೆಗಳನ್ನು ತಂದು ಪರಿಷ್ಕರಿಸಿದರು. 1962ರಲ್ಲಿ ಶಿಕಾಗೋದ ಹಾರ್ಪರ್ ಲೈಬ್ರರಿಯ ನೆಲಮಾಳಿಗೆಯಲ್ಲಿ ಹಳೆ ತಮಿಳಿನ ವ್ಯಾಕರಣ ಹುಡುಕುತ್ತಿದ್ದ ರಾಮಾನುಜನ್ ಕಣ್ಣಿಗೆ ಬಿದ್ದಿದ್ದು ಅವರು ಸಂಪಾದಿಸಿದ ಪ್ರಾಚೀನ ಕವಿತೆಗಳ ಸಂಕಲನ. ಅಲ್ಲಿಂದ ಅವರ ಅರ್ಧ ಜೀವಮಾನದ ಕೆಲಸ ಶುರುವಾಯಿತು. ಇನ್ನೊಬ್ಬರ ಮರಣೋತ್ತರ ಕವಿತೆಗಳಿಗೆ ದನಿ ಕೊಟ್ಟವರ ಕವಿತೆಗಳು ಕೊನೆಗೆ ಅದೇ ದಾರಿಯಲ್ಲಿ ಬಂದವು. ಆ ನೆಲಮಾಳಿಗೆಯಲ್ಲಿ ಯಾರೋ ಒಬ್ಬರು ಆ ಪುಸ್ತಕವನ್ನು ಇಟ್ಟಿದ್ದರು, ತೆಗೆದುಹಾಕಿರಲಿಲ್ಲ ಅನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಯಾಕೆಂದರೆ ನನ್ನ ಪ್ರತಿಯ ಕತೆ ಇದಕ್ಕೆ ತದ್ವಿರುದ್ಧ. ಸೆಂಟ್ರಲ್ ಸ್ಟೇಷನ್ ಪಕ್ಕ, ಹಳೆಯ ಮೂರ್ ಮಾರ್ಕೆಟ್ 1985ರಲ್ಲಿ ಸುಟ್ಟುಹೋದ ಮೇಲೆ ಅಂಗಡಿಗಳು ಬಂದು ಕೂತ ಲಿಲಿ ಪಾಂಡ್ ಕಾಂಪ್ಲೆಕ್ಸಿನಲ್ಲಿ ಅದು ಸಿಕ್ಕಿತು. ಗಟ್ಟಿ ರಟ್ಟು, ಮೇಲುಹೊದಿಕೆ ಇಲ್ಲ. ಮೊದಲ ಪುಟದಲ್ಲಿ ನಗರದ ಒಂದು ಕಾಲೇಜಿನ ನೇರಳೆ ಮೊಹರು, ಕೈಯಲ್ಲಿ ಬರೆದ ದಾಖಲಾತಿ ನಂಬರು. ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಐದು ದಿನಾಂಕಗಳು. ಲೈಬ್ರರಿಯಿಂದ ತೆಗೆದುಹಾಕಿದ್ದಕ್ಕೆ ರದ್ದು ಮೊಹರು ಎಲ್ಲೂ ಇಲ್ಲ. ಅಂಗಡಿಯವರಿಗೆ ಮುಂಗಡ ಕೊಡುವ ಮೊದಲು ಆ ಕಾಲೇಜಿಗೆ ಫೋನ್ ಮಾಡಿದೆ. ಲೈಬ್ರರಿಯವರು ಎರಡು ದಿನ ಬಿಟ್ಟು ವಾಪಸ್ ಮಾಡಿದರು. ಕಟ್ಟಡ ರಿಪೇರಿ ಕಾಲದಲ್ಲಿ ಒದ್ದೆಯಾದದ್ದು, ಯಾರೂ ತೆಗೆಯದೇ ಇದ್ದದ್ದು ಎಲ್ಲ ಸೇರಿಸಿ ತೂಕಕ್ಕೆ ಹಾಕಿದರಂತೆ. ಹಳೆಯ ರಿಜಿಸ್ಟರೂ ಹೋಗಿದೆ. 'ವಾಪಸ್ ಕೊಡಲಾ?' ಎಂದೆ. 'ನೀವೇ ಇಟ್ಕೊಳ್ಳಿ ಸಾರ್, ಇಲ್ಲಿ ಇಡೋಕೆ ಜಾಗ ಇಲ್ಲ, ಓದೋವ್ರೂ ಇಲ್ಲ' ಅಂದರು. ನಾಲ್ಕು ಸಾವಿರದ ಎಂಟುನೂರು ಕೊಟ್ಟು ತಂದೆ. ಹೆಂಡತಿ ಅಂದಳು: 'ಮನೆ ಭೋಗ್ಯದ್ದು, ಪುಸ್ತಕ ಮಾತ್ರ ಸ್ವಂತದ್ದು.'

ಸ್ವಂತದ್ದೇ? ಹೌದು ಅನ್ನುವುದಕ್ಕೆ ವಾದಗಳು ಗಟ್ಟಿಯಾಗಿವೆ. ಅವರು ಬಿಸಾಕಿದರು, ನಾನು ದುಡ್ಡು ಕೊಟ್ಟೆ, ಕೇಳಿಯೂ ಕೇಳಿದೆ, ಬೇಡವೆಂದರು. ನಾನು ತರದಿದ್ದರೆ ಇಷ್ಟು ಹೊತ್ತಿಗೆ ಅದು ಎಲ್ಲೋ ರಟ್ಟಿನ ಡಬ್ಬಿಯಾಗಿರುತ್ತಿತ್ತು. ಆದರೆ ಆ ಚೀಟಿಯ ಐದು ದಿನಾಂಕಗಳು ನನ್ನನ್ನು ಬಿಡಲಿಲ್ಲ. ಒಳಗೆ ಕೆಲವು ಪುಟಗಳಲ್ಲಿ ಪೆನ್ಸಿಲಿನಲ್ಲಿ, ಕಷ್ಟದ ಇಂಗ್ಲಿಷ್ ಪದಗಳ ಪಕ್ಕ, ಸಣ್ಣ ದುಂಡು ಅಕ್ಷರದಲ್ಲಿ ತಮಿಳು ಅರ್ಥಗಳಿವೆ. ಯಾರೋ ಒಬ್ಬ ವಿದ್ಯಾರ್ಥಿನಿಯೋ ವಿದ್ಯಾರ್ಥಿಯೋ, ಪ್ರಾಯಶಃ ತಮಿಳು ಮಾಧ್ಯಮದಿಂದ ಬಂದವರು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಈ ಪುಸ್ತಕವನ್ನು ದಾಟಿದ್ದಾರೆ. ಅವರು ಇದನ್ನು ಓದಿದ್ದು ನಾಲ್ಕು ಸಾವಿರದ ಎಂಟುನೂರು ಕೊಟ್ಟಲ್ಲ, ಲೈಬ್ರರಿ ಕಾರ್ಡು ತೋರಿಸಿ. ಕಾಲೇಜಿನ ಆಡಳಿತ ತನ್ನ ಹಕ್ಕನ್ನು ಬಿಟ್ಟುಕೊಡಬಹುದು. ಆರನೆಯ ದಿನಾಂಕದಂದು ಬರಬೇಕಾಗಿದ್ದ ಓದುಗನ ಹಕ್ಕನ್ನು ಬಿಟ್ಟುಕೊಡಲು ಅದಕ್ಕೆ ಅಧಿಕಾರ ಇದೆಯೆ? ಎಲ್ಲರದ್ದೂ ಆಗಿದ್ದ ವಸ್ತು ಒಂದು ಸಂಸ್ಥೆಯ ಅಲಕ್ಷ್ಯದಿಂದ ನನ್ನೊಬ್ಬನದಾಗಿಬಿಡುತ್ತದೆಯೆ? ಕಾನೂನು ಆಗುತ್ತದೆ ಎನ್ನಬಹುದು. ನನಗೆ ಹಾಗನ್ನಿಸಲಿಲ್ಲ.

ಇದಕ್ಕೆ ಉತ್ತರ ಅಲ್ಲದಿದ್ದರೂ ಒಂದು ಪದ ನನಗೆ ಸಿಕ್ಕಿದ್ದು ನಾನಿರುವ ಊರಿನ ಹೆಸರಿನಲ್ಲೇ. ತಿರುವೊಟ್ಟಿಯೂರು ಚೆನ್ನೈನ ಉತ್ತರದ ತುದಿ. ಐಟಿಯವರು ಸಾಮಾನ್ಯವಾಗಿ ಮನೆ ಮಾಡುವ ಕಡೆ ಅಲ್ಲ. 2021ರಲ್ಲಿ ಮೆಟ್ರೋ ವಿಮ್ಕೋ ನಗರದವರೆಗೆ ಬಂದ ಮೇಲೆ ಗಿಂಡಿಗೆ ಹೋಗಿಬರುವುದು ಸುಲಭವಾಯಿತೆಂದು ನಾವಿಲ್ಲಿ ಬಂದೆವು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಾರ್ಖಾನೆಗಳು, ನಡುವೆ ತ್ಯಾಗರಾಜಸ್ವಾಮಿಯ ಹಳೆಯ ದೇವಸ್ಥಾನ. ತಮಿಳಿನಲ್ಲಿ ಬರೆಯುವುದು 'ತಿರುವೊಟ್ರಿಯೂರ್' ಎಂದು. 'ಒಟ್ರಿ' ಅಂದರೆ ಅಡವು. ತಮಿಳಿನ 'ಸುಟ್ರು' ನಮ್ಮಲ್ಲಿ 'ಸುತ್ತು', 'ಪುಟ್ರು' ನಮ್ಮಲ್ಲಿ 'ಹುತ್ತ'. ಹಾಗೆಯೇ 'ಒಟ್ರಿ' ನಮ್ಮ 'ಒತ್ತೆ'. ಒತ್ತೆಯಾಳು ಅನ್ನುತ್ತೇವಲ್ಲ, ಅದೇ. ಊರಿನ ಹೆಸರಿಗೆ ಬೇರೆ ವಿವರಣೆಗಳೂ ಇವೆ. ಆದರೆ ಇದು ಅಡವಿಟ್ಟ ಊರು ಅನ್ನುವ ಶ್ಲೇಷೆ ತಮಿಳು ಶೈವ ಕವಿಗಳಲ್ಲಿ ಬಹಳ ಹಳೆಯದು.

ಈ ಒಟ್ರಿ ಬರೀ ಅಡವಲ್ಲ. ಸಾಲ ಕೊಟ್ಟವನು ವಸ್ತುವನ್ನು ತನ್ನ ವಶದಲ್ಲಿಟ್ಟುಕೊಂಡು ಅನುಭವಿಸುವ ಅಡವು. ಬೆಂಗಳೂರಿನಲ್ಲಿ 'ಮನೆ ಭೋಗ್ಯಕ್ಕಿದೆ' ಎಂದು ಬೋರ್ಡು ಹಾಕುತ್ತಾರಲ್ಲ, ಮಧುರೆ ಕಡೆ ಅದನ್ನೇ 'ಒತ್ತಿ'ಗೆ ಮನೆ ಅನ್ನುತ್ತಾರೆ. ದೊಡ್ಡ ಮೊತ್ತ ಕೊಟ್ಟು ಬಾಡಿಗೆ ಇಲ್ಲದೆ ಇರುತ್ತೀರಿ. ಬೀಗದ ಕೈ ನಿಮ್ಮದು, ಮನೆ ನಿಮ್ಮದಲ್ಲ. 1882ರ ಆಸ್ತಿ ಹಸ್ತಾಂತರ ಕಾಯ್ದೆಯಲ್ಲಿ ಭೋಗ್ಯದ ಅಡವಿಗೆ ನಿಯಮಗಳಿವೆ. ಅದರಲ್ಲಿ ಒಂದು ನನಗೆ ಬಹಳ ಹಿಡಿಸಿತು: ವಶದಲ್ಲಿಟ್ಟುಕೊಂಡವನು ಆಸ್ತಿಯನ್ನು, ಅದು ತನ್ನ ಸ್ವಂತದ್ದಾಗಿದ್ದರೆ ವಿವೇಕವುಳ್ಳ ಮನುಷ್ಯ ಹೇಗೆ ನೋಡಿಕೊಳ್ಳುತ್ತಿದ್ದನೋ ಹಾಗೆ ನೋಡಿಕೊಳ್ಳಬೇಕು. ಸ್ವಂತದ್ದಾಗಿದ್ದರೆ ಎನ್ನುವಂತೆ. ಆ 'ಆಗಿದ್ದರೆ'ಯಲ್ಲಿ ಒಂದು ಇಡೀ ನೀತಿ ಇದೆ. ಇನ್ನೊಂದು ನಿಯಮ, ಬಿಡಿಸಿಕೊಳ್ಳುವ ಹಕ್ಕು. ಒತ್ತೆ ಎಂದೂ ಒತ್ತೆಯೇ. ಸಲ್ಲಬೇಕಾದ್ದನ್ನು ಸಲ್ಲಿಸಿದವನಿಗೆ ಅದನ್ನು ಮರಳಿಸಬೇಕು.

ಸಂಗ್ರಹಕಾರನ ಸ್ಥಾನ ಇದೇ ಎಂದು ನನ್ನ ವಾದ. ಪುಸ್ತಕಕ್ಕೆ ದುಡ್ಡು ಕೊಡುವವನು ಮಾಲೀಕನಲ್ಲ, ಭೋಗ್ಯದಾರ. ಮರಣೋತ್ತರ ಕೃತಿಯಲ್ಲಂತೂ ಇದು ಇನ್ನೂ ನಿಜ. ಕವಿ ಕೊಡುತ್ತೇನೆ ಎಂದು ಹೇಳದೇ ಹೋದ. ಸಂಪಾದಕರು ಅವನ ಹೆಸರಿನಲ್ಲಿ ಒತ್ತೆ ಇಟ್ಟುಕೊಂಡು ನಮಗೆ ದಾಟಿಸಿದರು. ನಾವೂ ದಾಟಿಸಬೇಕು.

ಇದಕ್ಕೆ ಆಕ್ಷೇಪಣೆ ಈ ಊರಲ್ಲೇ ಇದೆ. ಸಮುದ್ರದ ಬದಿಗೆ ಪಟ್ಟಿನತ್ತಾರ್ ಸಮಾಧಿ ಇದೆ. ಕಾವೇರಿಪೂಂಪಟ್ಟಿನದ ದೊಡ್ಡ ವ್ಯಾಪಾರಿ ಆತ. ಸಾಕುಮಗ ಕಳಿಸಿದ ಪೆಟ್ಟಿಗೆಯಲ್ಲಿ ಕಣ್ಣು ಮುರಿದ ಸೂಜಿಯೊಂದು ಇತ್ತು, ಕೊನೆಯ ದಾರಿಯಲ್ಲಿ ಅದೂ ಜೊತೆಗೆ ಬರುವುದಿಲ್ಲ ಎಂಬ ಅರ್ಥದ ಓಲೆ ಇತ್ತು, ಓದಿದ ಗಳಿಗೆಯೇ ಎಲ್ಲ ಬಿಟ್ಟು ಹೊರಟ ಎಂದು ಐತಿಹ್ಯ. ಭಾನುವಾರ ಬೆಳಿಗ್ಗೆ ಆ ಕಡೆ ನಡೆದುಹೋಗುವಾಗ ನನ್ನ ಎರಡು ಬೀರು ಪುಸ್ತಕ ನೆನಪಾಗದೇ ಇರುವುದಿಲ್ಲ. ಸೂಜಿಯೇ ಬರುವುದಿಲ್ಲ ಅಂದಮೇಲೆ ಮೊದಲ ಮುದ್ರಣ ಬರುತ್ತದೆಯೆ? ಹಾಗಾದರೆ ಭೋಗ್ಯ ಗೀಗ್ಯ ಎನ್ನುವ ಕಸರತ್ತೆಲ್ಲ ಬಿಟ್ಟು, ಇವತ್ತೇ ಕೊಟ್ಟು ಕೈ ತೊಳೆದುಕೊಳ್ಳಬಾರದೇಕೆ?

ಈ ಪ್ರಶ್ನೆಯನ್ನು ಗೌರವಿಸುತ್ತೇನೆ. ಆದರೆ ತ್ಯಾಗಕ್ಕೂ ಅಲಕ್ಷ್ಯಕ್ಕೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ತೂಕಕ್ಕೆ ಹಾಕಿದ ಕಾಲೇಜೂ ಒಂದು ರೀತಿಯಲ್ಲಿ ಎಲ್ಲ ಬಿಟ್ಟಿತು. ಎಲ್ಲರೂ ಪಟ್ಟಿನತ್ತಾರ್ ಆಗಿದ್ದರೆ ಉ.ವೇ.ಸಾ. ಅವರಿಗೆ ಓಲೆಗಳು ಸಿಗುತ್ತಿರಲಿಲ್ಲ. ಯಾರೋ ಪೀಳಿಗೆಯಿಂದ ಪೀಳಿಗೆಗೆ, ಓದಲು ಬಾರದಿದ್ದರೂ, ಅಟ್ಟದ ಮೇಲೆ ಇಟ್ಟುಕೊಂಡಿದ್ದರಿಂದ ಸಿಕ್ಕವು. ಚೆಟ್ಟಿನಾಡಿನ ಕೋಟೈಯೂರಿನ ರೋಜಾ ಮುತ್ತಯ್ಯ ಬೋರ್ಡು ಬರೆಯುತ್ತಿದ್ದ ಕಲಾವಿದರು. ಜೀವನಪೂರ್ತಿ ತಮಿಳು ಪುಸ್ತಕ, ಪತ್ರಿಕೆ, ಕರಪತ್ರ, ಕೈಗೆ ಸಿಕ್ಕಿದ್ದೆಲ್ಲ ಕೂಡಿಟ್ಟರು. 1992ರಲ್ಲಿ ತೀರಿಕೊಂಡರು. ಶಿಕಾಗೋ ವಿಶ್ವವಿದ್ಯಾಲಯ, ರಾಮಾನುಜನ್ ಪಾಠ ಮಾಡುತ್ತಿದ್ದ ಅದೇ ವಿಶ್ವವಿದ್ಯಾಲಯ, ಆ ಸಂಗ್ರಹವನ್ನು ಕೊಂಡಿತು. ಕೊಂಡು, ಶಿಕಾಗೋಗೆ ಸಾಗಿಸಲಿಲ್ಲ. 1994ರಲ್ಲಿ ಚೆನ್ನೈನಲ್ಲೇ ಲೈಬ್ರರಿ ಆಯಿತು. ಇವತ್ತು ತರಮಣಿಗೆ ಹೋಗಿ ಯಾರು ಬೇಕಾದರೂ ಅಲ್ಲಿ ಓದಬಹುದು. ದುಡ್ಡು ಕೊಟ್ಟವನು ವಸ್ತುವನ್ನು ಅದರ ಓದುಗರ ಊರಲ್ಲೇ ಬಿಟ್ಟದ್ದು. ಸರಿಯಾದ ಭೋಗ್ಯ ಅಂದರೆ ಇದು. ಭಾರತಿಯ ಕೃತಿಗಳ ವಿಷಯದಲ್ಲೂ 1949ರಲ್ಲಿ ಮದ್ರಾಸ್ ಸರ್ಕಾರ ಹಕ್ಕು ಪಡೆದು, ಮುಂದೆ ಅವನ್ನು ಜನರಿಗೇ ಬಿಟ್ಟುಕೊಟ್ಟಿತು.

ಕೂಡಿಡುವುದು ತಪ್ಪಲ್ಲ. ಮುಚ್ಚಿಡುವುದು ತಪ್ಪು. ಇದನ್ನು ರಾಮಾನುಜನ್ ಅವರೇ ಕನ್ನಡದಿಂದ ಸಂಗ್ರಹಿಸಿದ ಒಂದು ಜನಪದ ಕತೆ ನನಗಿಂತ ಚೆನ್ನಾಗಿ ಹೇಳುತ್ತದೆ. ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳುತ್ತಿರಲಿಲ್ಲ. ಒಳಗೇ ಉಸಿರುಗಟ್ಟಿದ ಅವೆರಡೂ ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬಿದ್ದವು. ಒಂದು ಬಾಗಿಲಲ್ಲಿ ಗಂಡಸಿನ ಚಪ್ಪಲಿಯಾಯಿತು, ಇನ್ನೊಂದು ಗೂಟಕ್ಕೆ ನೇತುಬಿದ್ದ ಅಂಗಿಯಾಯಿತು. ಗಂಡನಿಗೆ ಅನುಮಾನ ಬಂದು ಸಂಸಾರವೇ ಕೆಟ್ಟಿತು. ರಾತ್ರಿ ಊರಿನ ದೀಪಗಳೆಲ್ಲ ಹನುಮಂತನ ಗುಡಿಯಲ್ಲಿ ಸೇರಿ ಮಾತಾಡಿಕೊಂಡಾಗ ನಿಜ ಹೊರಬಿತ್ತು. ಕಾರ್ನಾಡರ 'ನಾಗಮಂಡಲ' ನೋಡಿದವರಿಗೆ ಆ ದೀಪಗಳು ಗೊತ್ತು. ಬೀರುವಿನಲ್ಲಿ ಪ್ಲಾಸ್ಟಿಕ್ ಹೊದಿಸಿ ಮಲಗಿಸಿದ ಮೊದಲ ಮುದ್ರಣವೂ ಒಂದು ದಿನ ಚಪ್ಪಲಿಯಾಗಿ ಬಾಗಿಲಲ್ಲಿ ಕೂತರೆ ಆಶ್ಚರ್ಯವಿಲ್ಲ.

ಹಾಗಾಗಿ ನಾನು ಮಾಡಿದ್ದು ಇಷ್ಟು. ಮೊಹರು, ನಂಬರು, ಚೀಟಿ ಯಾವುದನ್ನೂ ತೆಗೆದಿಲ್ಲ. ಪೆನ್ಸಿಲ್ ಗುರುತು ಅಳಿಸಿದರೆ ಬೆಲೆ ಜಾಸ್ತಿಯಾಗುತ್ತದೆ ಎಂದು ಅಂಗಡಿಯವರು ಹೇಳಿದ್ದರು, ಅಳಿಸಿಲ್ಲ. ಒಂದು ಕಾಗದದಲ್ಲಿ ಅದು ಎಲ್ಲಿಂದ ಬಂತು, ಎಷ್ಟು ಕೊಟ್ಟೆ, ಯಾರನ್ನು ಕೇಳಿದೆ ಎಂದು ಬರೆದು ಒಳಗಿಟ್ಟಿದ್ದೇನೆ. ನನ್ನ ನಂತರ ಅದು ಓದುಗರಿಗೆ ತೆರೆದ ಲೈಬ್ರರಿಗೆ ಹೋಗಬೇಕು, ಮತ್ತೆ ಅಂಗಡಿಗಲ್ಲ, ಎಂದೂ ಬರೆದಿದ್ದೇನೆ. ಹಿಂದಿನ ಚೀಟಿಯಲ್ಲಿ ಐದು ದಿನಾಂಕದ ಕೆಳಗೆ ಆರನೆಯದನ್ನು ಹಾಕಿ, ಕೇಳಿದವರಿಗೆ ಕೊಡಲು ಶುರುಮಾಡಿದ್ದೇನೆ. ಇದು ಸಾಕೇ? ಸಾಲದು ಎಂದು ವಾದಿಸುವವರು ಇದ್ದರೆ ಅವರ ಮಾತು ಕೇಳಲು ಸಿದ್ಧನಿದ್ದೇನೆ. ನನಗೂ ಪೂರ್ತಿ ಸಮಾಧಾನ ಆಗಿಲ್ಲ.

ಮೊದಲು ಒಯ್ದವಳು ನಮ್ಮ ಟೀಮಿಗೆ ಹೊಸದಾಗಿ ಸೇರಿದ ರಾಯಚೂರಿನ ಹುಡುಗಿ. ಪುಸ್ತಕ ಕೈಗೆ ತೆಗೆದುಕೊಂಡು, ಆ ತಮಿಳು ಅರ್ಥಗಳನ್ನು ನೋಡಿ, 'ಸರ್, ನಾನೂ ಪೆನ್ಸಿಲ್‌ನಾಗ ಬರೀಬಹುದೇನ್ರಿ?' ಎಂದು ಕೇಳಿದಳು. ಉತ್ತರ ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ಮನೆಯ ಕರಾರಿನಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು ಎಂದಿದೆ. ಆದರೆ ಹಿಂದೆ ಇದ್ದವರು ಯಾರೋ ಅಡುಗೆಮನೆಯಲ್ಲಿ ಒಂದು ಹೊಡೆದು ಹೋಗಿದ್ದಾರೆ. ನಮ್ಮ ಕ್ಯಾಲೆಂಡರ್ ನೇತಾಡುತ್ತಿರುವುದು ಅದಕ್ಕೇ.

'ಬರಿಯಮ್ಮ,' ಅಂದೆ, 'ಮೆತ್ತಗೆ ಬರಿ.'